ಹೊಳಪಿನ ಕೆಳಗಿನ ಕೆಲಸ

ಗೃಹಸ್ಥನು ಕೂಲಿ ಕೊಟ್ಟು ಮಾಡಿಸಿಕೊಳ್ಳುವ ಕೆಲಸಗಳು ಅನೇಕ. ಅವುಗಳಲ್ಲಿ ಹೆಚ್ಚಿನವುಗಳ ಗುಣದೋಷ ಕೈಗೆ ಬಂದ ದಿನವೇ ತಿಳಿದುಬಿಡುತ್ತದೆ. ಬಡಗಿಯು ಮಾಡಿದ ಬಾಗಿಲು ಚೌಕಟ್ಟಿಗೆ ಕೂಡದಿದ್ದರೆ ಮುಚ್ಚುವಾಗಲೇ ಗೊತ್ತಾಗುತ್ತದೆ. ಸಿಂಪಿಗನು ಹೊಲಿದ ಅಂಗಿ ಬಿಗಿಯಾದರೆ ತೊಟ್ಟಾಗಲೇ ಗೊತ್ತಾಗುತ್ತದೆ. ಬಣ್ಣದ ಕೆಲಸ ಮಾತ್ರ ಹಾಗಲ್ಲ. ತನ್ನ ಕೆಳಗಿರುವುದನ್ನು ಮುಚ್ಚುವುದೇ ಬಣ್ಣದ ಧರ್ಮ. ಆದಕಾರಣ ನಿಷ್ಠೆಯಿಂದ ಮಾಡಿದ ಕೆಲಸವೂ ಅವಸರದಲ್ಲಿ ಮುಗಿಸಿದ ಕೆಲಸವೂ ಮೊದಲ ದಿನ ಸರಿಸುಮಾರು ಒಂದೇ ತೆರನಾಗಿ ಹೊಳೆಯುತ್ತವೆ. ಅವೆರಡರ ಅಂತರವನ್ನು ಬಿಸಿಲು ಮಳೆಗಳು ನಿಧಾನವಾಗಿ ಬಯಲಿಗೆ ತರುತ್ತವೆ. ಅಷ್ಟರಲ್ಲಿ ಹಣ ಸಂದಿರುತ್ತದೆ, ಮಾತು ಮರೆತಿರುತ್ತದೆ.

ಎತ್ತು ಬಂಡಿಗಳು ನಿಲ್ಲುತ್ತಿದ್ದ ನಮ್ಮ ಅಂಗಳಗಳಲ್ಲಿ ಈಗ ಕಾರುಗಳು ನಿಂತಿವೆ. ಅವುಗಳಿಗೆ ಗೀರು ಬೀಳುವುದು, ತಗ್ಗು ಬೀಳುವುದು, ಗ್ಯಾರೇಜಿನಲ್ಲಿ ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡಿಸುವುದು ಸಾಮಾನ್ಯ ಸಂಗತಿಗಳಾಗಿವೆ. ಆ ಕೆಲಸ ಕೆಟ್ಟಾಗ ಏನು ಮಾಡಬೇಕೆಂಬುದು ಮಾತ್ರ ಅನೇಕರಿಗೆ ತೋಚುವುದಿಲ್ಲ. ಕೆಲವರು ಸಂಕೋಚದಿಂದ ಸುಮ್ಮನಾಗುತ್ತಾರೆ. ಕೆಲವರು ಸಿಟ್ಟಿನಿಂದ ಕೂಗಾಡಿ ಬರುತ್ತಾರೆ. ಎರಡರಿಂದಲೂ ಕಾರಿನ ಬಾಗಿಲು ಸರಿಯಾಗುವುದಿಲ್ಲ. ಈ ಮಾತನ್ನು ನಮ್ಮ ಅನುಭವದಿಂದಲೇ ಹೇಳುವುದು ಯುಕ್ತವೆಂದು ತೋರುತ್ತದೆ.

2024ರ ಆಷಾಢ ಮಾಸದಲ್ಲಿ ಧಾರವಾಡದ ಇಕ್ಕಟ್ಟಾದ ಓಣಿಯೊಂದರಲ್ಲಿ ಜಲ್ಲಿ ಹೇರಿದ ಟ್ರ್ಯಾಕ್ಟರಿನ ಟ್ರೇಲರು ನಮ್ಮ ಮನೆಯ ಕಾರನ್ನು ಒರೆಸಿಕೊಂಡು ಹೋಯಿತು. ಎಡಗಡೆಯ ಹಿಂದಿನ ಬಾಗಿಲು ತಗ್ಗಾಯಿತು. ಹಿಂದಿನ ಬಂಪರಿನ ಮೂಲೆಯ ಬಣ್ಣ ಕಿತ್ತುಹೋಯಿತು. ಕಾರು ಬೆಳ್ಳಿ ಬಣ್ಣದ್ದು. ಪರಿಚಿತರೊಬ್ಬರು ಹೇಳಿದ ಗ್ಯಾರೇಜಿಗೆ ನಮ್ಮ ಮಗನು ಅದನ್ನು ಒಯ್ದು ಬಿಟ್ಟನು. ಆರು ದಿನಗಳ ತರುವಾಯ, ಟ್ಯೂಬ್‌ಲೈಟು ಹತ್ತಿದ ಹೊತ್ತಿನಲ್ಲಿ, 11,000 ರೂಪಾಯಿ ಪಡೆದು ಕಾರನ್ನು ನಮಗೆ ಒಪ್ಪಿಸಿದರು. ಮರುದಿನ ಬೆಳಗಿನ ಬಿಸಿಲಿನಲ್ಲಿ ನೋಡಿದಾಗ ಹಿಂದಿನ ಬಾಗಿಲು ಮುಂದಿನ ಬಾಗಿಲಿಗಿಂತ ಕಪ್ಪಗೆ ಕಂಡಿತು. ಅದರ ಮೈಯು ಗಾಜಿನಂತಿರದೆ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಉಬ್ಬುತಗ್ಗುಗಳಿಂದ ಕೂಡಿತ್ತು. ಕಿಟಕಿಯ ಕಪ್ಪು ರಬ್ಬರಿನ ಮೇಲೆ ಬೆಳ್ಳಿಯ ದೂಳು ಕುಳಿತಿತ್ತು. ಇಷ್ಟನ್ನು ಮಗನು ಅಂದೇ ಫೋನಿನಲ್ಲಿ ಗ್ಯಾರೇಜಿನವರಿಗೆ ತಿಳಿಸಿದನು. “ಒಂದೆರಡು ತಿಂಗಳು ಓಡಾಡ್ಲಿ ಬಿಡ್ರಿ, ತಾನಾ ಕೂಡ್ಕೋತದ” ಎಂಬ ಉತ್ತರ ಬಂದಿತು.

ಕೂಡಿಕೊಳ್ಳಲಿಲ್ಲ. ಭಾದ್ರಪದದ ಹೊತ್ತಿಗೆ ಬಾಗಿಲಿನ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಕಾರು ತೊಳೆಯುವಾಗ ಬಂಪರಿನ ಮೂಲೆಯಿಂದ ಉಗುರಿನಗಲದ ಸಿಪ್ಪೆಯೊಂದು ಎದ್ದು ಬಂದಿತು. ನಮ್ಮ ಮನೆಯವರು, “ಕಾರು ಓಡುತ್ತದಲ್ಲ, ಬಣ್ಣಕ್ಕೇಕೆ ಇಷ್ಟು ಚಿಂತೆ?” ಎಂದರು. ಮಗನು ಮಾತ್ರ, ಈ ಸಲ ಹೋದರೆ ನಾಲ್ಕು ಮಂದಿಯ ಎದುರಿಗೇ ಅವರ ಮರ್ಯಾದೆ ತೆಗೆದು ಬರುವೆನೆಂದು ಹಟ ಹಿಡಿದನು. ನಾವು ಇಬ್ಬರನ್ನೂ ತಡೆದು, ಮೊದಲು ಈ ದೋಷಗಳು ಏಕೆ ಹುಟ್ಟಿದವೆಂಬುದನ್ನು ತಿಳಿಯೋಣವೆಂದು ಹೇಳಿದೆವು.

ಇದಕ್ಕೆ ನಮ್ಮ ವಿದ್ಯೆಯ ಅಭ್ಯಾಸವೇ ಕಾರಣವೆನ್ನಬೇಕು. ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಬೆಳೆದು, ಆ ಬಳಿಕ ತಾಳೆಗರಿಗಳನ್ನು ಓದುತ್ತ ಆಯುಷ್ಯ ಕಳೆದವರು ನಾವು. ಗ್ರಂಥದ ಪ್ರತಿಯೊಂದರಲ್ಲಿ ತಪ್ಪು ಕಂಡಾಗ ಲಿಪಿಕಾರನನ್ನು ಒಡನೆಯೇ ಅಜ್ಞಾನಿಯೆಂದು ಕರೆಯಬಾರದೆಂದು ನಮ್ಮ ಗುರುಗಳು ಕಲಿಸಿದ್ದರು. ಆತನ ಮುಂದಿದ್ದ ಮೂಲಪ್ರತಿಯನ್ನೇ ಹುಳು ತಿಂದಿತ್ತೇ, ಗರಿ ಮುರಿದಿತ್ತೇ, ಎರಡು ಅಕ್ಷರಗಳ ರೂಪ ಒಂದನ್ನೊಂದು ಹೋಲುತ್ತಿತ್ತೇ ಎಂದು ಮೊದಲು ವಿಚಾರಿಸಬೇಕು. ತಪ್ಪಿನ ಹುಟ್ಟು ತಿಳಿದರೆ ತಿದ್ದುವ ದಾರಿಯೂ ತಿಳಿಯುತ್ತದೆ; ಹೊಣೆ ಯಾರದೆಂಬುದೂ ತಿಳಿಯುತ್ತದೆ. ಗರಿಗೆ ಸಲ್ಲುವ ಈ ನಿಯಮ ತಗಡಿಗೂ ಸಲ್ಲುವುದೆಂದು ನಮಗೆ ತೋರಿತು. ವಾಹನಗಳ ಬಣ್ಣದ ವ್ಯವಹಾರದಲ್ಲಿ ನುರಿತ ಹಳೆಯ ಶಿಷ್ಯರೊಬ್ಬರನ್ನು ಮನೆಗೆ ಕರೆದು, ಅವರಿಂದ ಪಾಠ ಹೇಳಿಸಿಕೊಂಡೆವು.

ಕಾರಿನ ಬಣ್ಣವೆಂದರೆ ಒಂದೇ ಲೇಪವಲ್ಲ. ಕಾರ್ಖಾನೆಯಲ್ಲಿ ಉಕ್ಕಿನ ಮೈಯನ್ನು ತೊಳೆದು, ಫಾಸ್ಫೇಟಿನ ಸಂಸ್ಕಾರ ಕೊಟ್ಟು, ಅನಂತರ ಇಡೀ ಮೈಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ತುಕ್ಕುನಿರೋಧಕ ಲೇಪವನ್ನು ಹಿಡಿಸುತ್ತಾರೆ. ಈ ಲೇಪವನ್ನು ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ವಾರ್ನಿಷು. ಇಷ್ಟೆಲ್ಲ ಸೇರಿದರೂ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಒಂದೆರಡು ತಲೆಗೂದಲುಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಈ ಪೊರೆಯೇ ಬಿಸಿಲು ಮಳೆಗಳಿಂದ ಉಕ್ಕನ್ನು ವರ್ಷಾನುಗಟ್ಟಲೆ ಕಾಯುತ್ತದೆ.

ರಿಪೇರಿಯ ಕಾಲದಲ್ಲಿ ಇದನ್ನೆಲ್ಲ ಹಾಗೆಯೇ ಪುನಃ ಮಾಡುವುದು ಅಸಾಧ್ಯ. ಗಾಜು, ವಯರು, ಪ್ಲಾಸ್ಟಿಕ್ಕುಗಳಿಂದ ತುಂಬಿದ ಕಾರನ್ನು ಅಂತಹ ಶಾಖದಲ್ಲಿ ಬೇಯಿಸಲಾಗದು. ಆದುದರಿಂದ ಗಟ್ಟಿಗೊಳಿಸುವ ದ್ರವವನ್ನು ಬೆರೆಸಿದ ಬೇರೆ ಜಾತಿಯ ಬಣ್ಣ ಮತ್ತು ವಾರ್ನಿಷುಗಳನ್ನು ಬಳಸುತ್ತಾರೆ. ಅನುಕೂಲವುಳ್ಳ ಗ್ಯಾರೇಜುಗಳಲ್ಲಿ ದೂಳು ಬಾರದ ಕೋಣೆಯೊಳಗೆ ಸುಮಾರು 60 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಒಣಗಿಸುತ್ತಾರೆ. ಆ ಅನುಕೂಲವಿಲ್ಲದ ಕಡೆ ಗಾಳಿಯೇ ಒಣಗಿಸಬೇಕು. ಅಲ್ಲಿ ದಿನಗಳೂ ಹವೆಯೂ ಮುಖ್ಯವಾಗುತ್ತವೆ.

ಇನ್ನು ದೋಷಗಳ ವಿಚಾರ. ತಗ್ಗನ್ನು ತುಂಬಲು ಬಳಿಯುವ ಪುಟ್ಟಿಯು ನೀರನ್ನು ಹೀರುವ ಗುಣವುಳ್ಳದ್ದು. ಅದನ್ನು ನೀರು ಹಚ್ಚಿ ಉಜ್ಜಿ, ಪೂರ್ತಿ ಒಣಗುವ ಮೊದಲೇ ಮೇಲೆ ಬಣ್ಣ ಹೊಡೆದರೆ, ತೇವವು ಒಳಗೆ ಸೆರೆಯಾಗುತ್ತದೆ. ಬಾಗಿಲು ಬಿಸಿಲಿಗೆ ಕಾದಾಗ ಆ ತೇವವು ಹೊರದಾರಿ ಹುಡುಕುತ್ತ ಬಣ್ಣವನ್ನು ಮೇಲಕ್ಕೆತ್ತುತ್ತದೆ, ಅದೇ ಗುಳ್ಳೆ. ತೇವ ಬರುವ ಇನ್ನೊಂದು ದಾರಿಯೂ ಉಂಟು. ಗಾಳಿಯನ್ನು ಒತ್ತುವ ಕಂಪ್ರೆಸರಿನ ತೊಟ್ಟಿಯಲ್ಲಿ ಹವೆಯ ತೇವವು ನೀರಾಗಿ ಕೂಡುತ್ತದೆ. ದಿನವೂ ಆ ನೀರನ್ನು ಹೊರಬಿಡದಿದ್ದರೆ, ಕೊಳವೆಗೆ ನೀರು ತಡೆಯುವ ಸೋಸುಕವನ್ನು ಹಾಕದಿದ್ದರೆ, ಬಣ್ಣದೊಡನೆ ನೀರಿನ ಹನಿಗಳೂ ಸಿಡಿಯುತ್ತವೆ. ಮಳೆಗಾಲದಲ್ಲಿ ಇದು ಇಮ್ಮಡಿಯಾಗುತ್ತದೆ.

ಬೆಳ್ಳಿ ಬಣ್ಣದ ತೊಡಕು ಬೇರೆ. ಅದರಲ್ಲಿ ಅಲ್ಯೂಮಿನಿಯಮಿನ ಸೂಕ್ಷ್ಮ ಚಕ್ಕೆಗಳಿರುತ್ತವೆ. ಬಣ್ಣವು ಹಸಿಯಾಗಿ ದಟ್ಟವಾಗಿ ಬಿದ್ದರೆ ಚಕ್ಕೆಗಳು ಒಳಗಿಳಿದು ಮೈ ಕಪ್ಪಾಗಿ ಕಾಣುತ್ತದೆ. ಒಣಗಿದಂತೆ ತೆಳುವಾಗಿ ಬಿದ್ದರೆ ಚಕ್ಕೆಗಳು ಮೇಲೆ ನಿಂತು ಬೆಳ್ಳಗೆ ಕಾಣುತ್ತದೆ. ಒಂದೇ ಡಬ್ಬಿಯ ಬಣ್ಣವೂ ಗನ್ನಿನ ಒತ್ತಡ, ದೂರ, ಕೈಯ ವೇಗಗಳು ಬದಲಾದರೆ ಎರಡು ಬಣ್ಣಗಳಾಗುತ್ತದೆ. ಆದುದರಿಂದ ಬಲ್ಲ ಪೇಂಟರನು ಕಾರಿನ ಮೇಲಿರುವ ಬಣ್ಣದ ಸಂಕೇತಸಂಖ್ಯೆಯನ್ನು ನೋಡಿ ಬಣ್ಣ ಕಲಸಿದ ಮೇಲೂ, ತಗಡಿನ ತುಂಡೊಂದರ ಮೇಲೆ ಹೊಡೆದು ಕಾರಿನ ಪಕ್ಕದಲ್ಲಿ ಹಗಲು ಬೆಳಕಿನಲ್ಲಿ ಹಿಡಿದು ನೋಡುತ್ತಾನೆ. ಹೊಸ ಬಣ್ಣವನ್ನು ಪಕ್ಕದ ಬಾಗಿಲಿನ ಮೇಲೂ ತೆಳ್ಳಗೆ ಹಬ್ಬಿಸಿ, ಕಣ್ಣಿಗೆ ಸಂಧಿ ತಿಳಿಯದಂತೆ ಮಾಡುತ್ತಾನೆ. ಬಂಪರಿನ ಕಥೆ ಮತ್ತೂ ಬೇರೆ. ಅದು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದಾದುದು. ಆ ಪ್ಲಾಸ್ಟಿಕ್ಕು ಬಣ್ಣವನ್ನು ತನ್ನಷ್ಟಕ್ಕೆ ಹಿಡಿಯದು. ಅಂಟಿಸುವ ವಿಶೇಷ ಲೇಪವನ್ನು ಮೊದಲು ಬಳಿಯಬೇಕು.

ಇಷ್ಟನ್ನು ತಿಳಿದ ಮೇಲೆ ನಾವು ಒಂದು ಹಾಳೆಯ ಮೇಲೆ ಐದು ದೋಷಗಳನ್ನೂ ಅವು ಕಂಡ ದಿನಾಂಕಗಳನ್ನೂ ಬರೆದು, ಛಾಯಾಚಿತ್ರಗಳನ್ನು ಲಗತ್ತಿಸಿ, ಬಿಲ್ಲಿನ ಪ್ರತಿಯೊಡನೆ ಗ್ಯಾರೇಜಿಗೆ ಹೋದೆವು. ಮಗನಿಗೆ ಬಾಯಿ ಬಿಗಿಹಿಡಿಯಲು ಹೇಳಿದ್ದೆವು. ಮಾಲೀಕರು ಕುರ್ಚಿ ಕೊಟ್ಟು ಚಹಾ ತರಿಸಿದರು. ಹಾಳೆಯನ್ನು ನೋಡಿ, “ಗುರುಗಳ, ಬಣ್ಣ ಅಂದಮ್ಯಾಗ ಒಂದೀಟು ಫರಕ ಬರೋದ ರಿ. ಯಾರು ಅಷ್ಟು ಹತ್ರ ಬಂದು ನೋಡ್ತಾರ? ಎರಡು ಸಾವಿರ ವಾಪಸ್ ಕೊಡ್ತೀನಿ, ಮುಗಿಸಿಬಿಡೂಣು” ಎಂದರು. ಬಳಿಕ ಒಳಗಿನವರಿಗೆ ಕೇಳಿಸುವಂತೆ, “ಆ ಹುಡುಗಗ ಎಷ್ಟು ಹೇಳಿದ್ರೂ ತಿಳಿಯೂದುಲ್ಲ. ಈ ತಿಂಗಳ ಅವನ ಪಗಾರದಾಗ ಹಿಡೀತೀನಿ” ಎಂದೂ ಸೇರಿಸಿದರು.

ಪೇಂಟರನೆಂದರೆ ಇಪ್ಪತ್ತರ ಆಸುಪಾಸಿನ ಹುಡುಗ. ತಗಡಿನ ಛಾವಣಿಯ ಕೆಳಗೆ, ಮೂರು ಕಡೆ ತೆರೆದ ಜಾಗದಲ್ಲಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಬೇರೊಂದು ಕಾರಿಗೆ ವಾರ್ನಿಷು ಹೊಡೆಯುತ್ತಿದ್ದನು. ನಾವು ಹತ್ತಿರ ಹೋಗಿ, “ತಮ್ಮಾ, ಬಾಗಿಲಿಗೆ ಗುಳ್ಳೆ ಯಾಕೆ ಬಂತೆಂದು ನಿನಗೆ ಅನಿಸುತ್ತದೆ?” ಎಂದು ಕೇಳಿದೆವು. ಆತನು ಮಾಲೀಕರ ಕಡೆ ಒಮ್ಮೆ ನೋಡಿ, ಮೆಲ್ಲನೆ, “ಗಾಳಿಯೊಳಗ ನೀರು ಬರ್ತದ್ರಿ ಅಜ್ಜಾರ. ಎರಡು ಸಲ ಹೇಳೇನ್ರಿ. ಮತ್ತ ಪುಟ್ಟಿ ಒಣಗಾಕ ಒಂದಿನಾ ಕೇಳಿದ್ದೆ, ಗಾಡಿ ಅರ್ಜೆಂಟ ಐತಿ ಅಂದ್ರು” ಎಂದನು. ಕಂಪ್ರೆಸರಿನ ಕೊಳವೆಯಲ್ಲಿ ಸೋಸುಕವಿರಲಿಲ್ಲ. ಗಾಡಿ ಅರ್ಜೆಂಟೆಂದು ನಮ್ಮ ಮನೆಯಿಂದ ಯಾರೂ ಹೇಳಿರಲಿಲ್ಲ.

ಇಲ್ಲಿಗೆ ಪ್ರಕರಣದ ರೂಪವೇ ಬದಲಾಯಿತು. ನಾವು ಕೂಗಾಡಿ ಬಂದಿದ್ದರೆ ಆ ಕೂಗಿನ ಬೆಲೆಯನ್ನು ತೆರುವವನು ಈ ಹುಡುಗ. ಎರಡು ಸಾವಿರ ಹಿಡಿದು ಸುಮ್ಮನೆ ಹಿಂದಿರುಗಿದ್ದರೂ ಅದನ್ನು ತೆರುವವನು ಈತನೇ. ತೇವದ ಕೊಳವೆ ಹಾಗೆಯೇ ಉಳಿದು, ಮುಂದಿನ ಗಿರಾಕಿಯ ಬಾಗಿಲಿಗೂ ಗುಳ್ಳೆ ಏಳುತ್ತಿತ್ತು. ದೋಷದ ಕಾರಣವನ್ನು ಅರಿಯದೆ ದೂರು ಹೇಳಿದರೆ ಅದು ಎಲ್ಲರಿಗಿಂತ ಬಡವನ ತಲೆಯ ಮೇಲೆ ಹೋಗಿ ಕೂರುತ್ತದೆಂಬುದನ್ನು ಅಂದು ಕಣ್ಣಾರೆ ಕಂಡೆವು.

ನಾವು ಮಾಲೀಕರ ಬಳಿಗೆ ಮರಳಿ, ಹಣ ಬೇಡವೆಂದೂ ಕೆಲಸ ಬೇಕೆಂದೂ ತಿಳಿಸಿದೆವು. ಬಾಗಿಲಿನ ಪುಟ್ಟಿಯನ್ನು ತಗಡಿನವರೆಗೆ ತೆಗೆದು ಮೊದಲಿನಿಂದ ಮಾಡಬೇಕು. ಬಂಪರನ್ನು ಬಿಚ್ಚಿ, ಹಳೆಯ ಬಣ್ಣ ಉಜ್ಜಿ, ಅಂಟುವ ಲೇಪ ಬಳಿದು ಪುನಃ ಹೊಡೆಯಬೇಕು. ಬಣ್ಣವನ್ನು ಮುಂದಿನ ಬಾಗಿಲಿಗೆ ಹಬ್ಬಿಸಬೇಕು. ಇದಕ್ಕೆ ಮಳೆ ನಿಂತ ಮೇಲೆ ಎಷ್ಟು ದಿನ ಬೇಕಾದರೂ ಕಾರನ್ನು ಬಿಡುತ್ತೇವೆ. ಗಾಳಿಗೆ ಸೋಸುಕ ಹಾಕುವುದು ಮಾಲೀಕರ ಹೊಣೆ. ಆದಕಾರಣ ಹುಡುಗನ ಪಗಾರದಲ್ಲಿ ಒಂದು ರೂಪಾಯಿಯನ್ನೂ ಹಿಡಿಯುವುದು ನ್ಯಾಯವಲ್ಲ. “ಅದು ನಮ್ಮ ಒಳಗಿನ ಮಾತ್ರಿ” ಎಂದು ಅವರು ಮುಖ ಗಂಟಿಕ್ಕಿದರು. ನಾವು, “ನಮ್ಮ ಹೆಸರಿನಿಂದ ಆಗುವ ಶಿಕ್ಷೆ ನಮ್ಮ ಮಾತೂ ಹೌದು” ಎಂದೆವು. ಬಹಳ ಹೊತ್ತು ಮೌನ. ಕೊನೆಗೆ ಹಾಳೆಯ ಮೇಲೆ ಅವರು ಸಹಿ ಮಾಡಿ, ಕಾರ್ತಿಕದಲ್ಲಿ ಕಾರು ತರಲು ಹೇಳಿದರು.

ಕಾರ್ತಿಕದಲ್ಲಿ ಕಾರು ಒಂಬತ್ತು ದಿನ ಅಲ್ಲಿತ್ತು. ಈ ಸಲ ಹಗಲಿನಲ್ಲಿಯೇ ಒಪ್ಪಿಸಿಕೊಂಡೆವು. ಬಾಗಿಲುಗಳೆರಡೂ ಒಂದೇ ಬಣ್ಣವಾಗಿ ನಿಂತಿದ್ದವು. ಕಾರ್ಖಾನೆಯ ನುಣುಪು ಬಂದಿತೆಂದು ಹೇಳಲಾಗದು. ಓರೆಯಾಗಿ ನೋಡಿದರೆ ಬಂಪರಿನಲ್ಲಿ ತುಸು ವ್ಯತ್ಯಾಸ ಉಂಟು. ಆ ಮಟ್ಟದ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದೇ ವಿವೇಕ. ಕೊಳವೆಗೆ ಸೋಸುಕ ಬಂದಿತ್ತು. ಪಗಾರ ಪೂರ್ತಿ ಸಂದಿತೆಂದು ಹುಡುಗನೇ ಹೇಳಿದನು. ಬಣ್ಣ ಗಟ್ಟಿಗೊಳಿಸುವ ದ್ರವದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿರುತ್ತವೆ. ಅವುಗಳ ಸೂಕ್ಷ್ಮ ತುಂತುರು ಉಸಿರಿನೊಡನೆ ಒಳಹೋದರೆ ಆಸ್ತಮಾ ಹುಟ್ಟಬಲ್ಲುದು, ಕರವಸ್ತ್ರವು ಅದನ್ನು ತಡೆಯಲಾರದು. ಇದನ್ನೂ ನಾವು ಮಾಲೀಕರಿಗೆ ತಿಳಿಸಿದ್ದೆವು. ಅಂದು ಗೋಡೆಯ ಮೊಳೆಗೆ ಹೊಸ ಮುಖವಾಡವೊಂದು ತೂಗುಬಿದ್ದಿತ್ತು. ಅದು ಮೊಳೆಯಿಂದ ಮುಖಕ್ಕೆ ಬರಬೇಕಾದರೆ ಬರುವ ಗಿರಾಕಿಗಳೆಲ್ಲ ಹುಡುಗನಿಗೆ ಒಂದು ಮಾತು ಹೇಳುತ್ತಿರಬೇಕು.

ಓದುಗ ಬಂಧುಗಳ ಉಪಯೋಗಕ್ಕಾಗಿ ಕೆಲವು ಸೂಚನೆಗಳನ್ನು ಇಲ್ಲಿ ಬರೆಯುವುದು ಉಚಿತ. ಬಣ್ಣ ಮಾಡಿಸಿದ ಕಾರನ್ನು ಹಗಲು ಬೆಳಕಿನಲ್ಲಿ, ತೊಳೆದು ಒಣಗಿದ ಮೇಲೆ ನೋಡಬೇಕು. ಎದುರಿನಿಂದ ಮತ್ತು ಎರಡೂ ಪಕ್ಕಗಳಿಂದ ಓರೆಯಾಗಿ ನೋಡಿದರೆ ಬಣ್ಣದ ಭೇದ ತಿಳಿಯುತ್ತದೆ. ಕಂಬದ ಅಥವಾ ಕಿಟಕಿಯ ನೆರಳು ಬಾಗಿಲಿನಲ್ಲಿ ನೇರವಾಗಿ ಕಂಡರೆ ಮೈ ಸಮನಾಗಿದೆಯೆಂದೂ, ಡೊಂಕಾಗಿ ಕಂಡರೆ ಪುಟ್ಟಿ ಉಬ್ಬುತಗ್ಗಾಗಿದೆಯೆಂದೂ ತಿಳಿಯಬೇಕು. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವು ಉಕ್ಕಿನ ಬಾಗಿಲಿಗೆ ಹಿಡಿಯದಿದ್ದರೆ ಅಲ್ಲಿ ಪುಟ್ಟಿಯ ಪದರ ಬಹು ದಪ್ಪವಾಗಿದೆ. ಪ್ಲಾಸ್ಟಿಕ್ ಬಂಪರಿಗೆ ಈ ಪರೀಕ್ಷೆ ಸಲ್ಲದು. ರಬ್ಬರು, ಗಾಜು, ದೀಪಗಳ ಅಂಚಿನಲ್ಲಿ ಬಣ್ಣದ ದೂಳು ಕುಳಿತಿದೆಯೇ ಎಂದು ಬೆರಳಾಡಿಸಿ ನೋಡಬೇಕು.

ದೋಷಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಮರೆಯಬಾರದು. ವಾರ್ನಿಷಿನಲ್ಲಿ ಸಿಕ್ಕ ದೂಳಿನ ಕಣ, ಇಳಿದು ನಿಂತ ಹನಿ, ಹೆಚ್ಚಿಲ್ಲದ ಕಿತ್ತಳೆ ಸಿಪ್ಪೆಯ ಗುಣ - ಇವುಗಳನ್ನು ಬಹು ನುಣುಪಾದ ಉಪ್ಪುಕಾಗದದಿಂದ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದರೆ ಹೋಗುತ್ತವೆ. ಬಣ್ಣದ ಭೇದ, ಗುಳ್ಳೆ, ಸಿಪ್ಪೆ ಏಳುವಿಕೆಗಳು ಪಾಲಿಶಿನಿಂದ ಹೋಗುವಂಥವಲ್ಲ. ಕೆಳಗಿನಿಂದ ಪುನಃ ಮಾಡಲೇಬೇಕು. ಇವುಗಳಿಗೂ ಪಾಲಿಶ್ ಸಾಕೆಂದು ಹೇಳುವವರ ಮಾತನ್ನು ಒಪ್ಪಬೇಕಾಗಿಲ್ಲ. ವಿಮೆಯ ಮೂಲಕ ರಿಪೇರಿ ಮಾಡಿಸಿದವರು ಕೆಲಸವನ್ನು ನೋಡುವ ಮೊದಲು ತೃಪ್ತಿಪತ್ರಕ್ಕೆ ಸಹಿ ಹಾಕಬಾರದು.

ಬಿಲ್ಲನ್ನು ಕೇಳಿ ಪಡೆಯಬೇಕು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ ಬಂದ 2019ರ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಪಡೆದು ಮಾಡಿದ ಇಂತಹ ಕೆಲಸದ ಕೊರತೆಯನ್ನು ಅದು ಸೇವಾ ನ್ಯೂನತೆಯೆಂದು ಪರಿಗಣಿಸುತ್ತದೆ. ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಮೊದಲು ಬರಹದಲ್ಲಿ ದೂರು ಕೊಟ್ಟು, ಸರಿಪಡಿಸಲು ಯುಕ್ತವಾದ ಅವಧಿ ಕೊಡಬೇಕು. ಆಗಲೂ ಕೇಳದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅದರಿಂದಲೂ ಬಗೆಹರಿಯದಿದ್ದರೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಬಹುಪಾಲು ಪ್ರಕರಣಗಳು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಕಾನೂನು ತಿಳಿದವನ ಮಾತು ಮೆದುವಾಗಿದ್ದರೂ ಅದಕ್ಕೆ ತೂಕವಿರುತ್ತದೆ.

ಕೆಟ್ಟ ಕೆಲಸವನ್ನು ಕಂಡೂ ಸುಮ್ಮನಿರುವುದು ಕರುಣೆಯೆಂದು ನಮ್ಮಲ್ಲಿ ಒಂದು ಭಾವನೆ ಇದೆ. ಆ ಮೌನದಿಂದ ಕೆಲಸಗಾರನು ಏನನ್ನೂ ಕಲಿಯುವುದಿಲ್ಲ. ಯಜಮಾನನು ಏನನ್ನೂ ತಿದ್ದಿಕೊಳ್ಳುವುದಿಲ್ಲ. ಹಾಗೆಂದು ಬೈಗುಳವನ್ನು ನ್ಯಾಯವೆನ್ನಲೂ ಆಗದು. ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿದು, ಎಲ್ಲಿ ಕೆಟ್ಟಿತೆಂಬುದನ್ನು ಕೇಳಿ, ಹೊಣೆಗಾರನಿಗೆ ಅದನ್ನು ನೇರವಾಗಿ ಹೇಳಿ, ಸರಿಪಡಿಸಲು ಬೇಕಾದ ದಿನಗಳನ್ನೂ ಕೊಡುವವನೇ ಒಳ್ಳೆಯ ಗಿರಾಕಿ. ನಮ್ಮ ಮನೆಗಳ ಮಕ್ಕಳಲ್ಲಿ ಹಲವರು ನಾಳೆ ಮಾಲೀಕರಾಗುವರು, ಹಲವರು ಕೆಲಸಗಾರರಾಗುವರು, ಎಲ್ಲರೂ ಗಿರಾಕಿಗಳಂತೂ ಆಗಿಯೇ ಆಗುವರು. ಗದರದೆ, ಅಂಜದೆ ತಮ್ಮ ಹಕ್ಕನ್ನು ಕೇಳುವ ರೀತಿಯನ್ನು ಅವರು ಶಾಲೆಯಲ್ಲಿ ಕಲಿಯುವುದಕ್ಕಿಂತ ಮುಂಚೆ ಮನೆಯ ಹಿರಿಯರನ್ನು ನೋಡಿ ಕಲಿಯಲಿ.